ಸೀಸೆಯ ಮೇಲಿನ ತಾಯಿ

ಅವರು ಗೋಡೆಯ ಎದುರು ನಿಂತು ಗೋಡೆಯನ್ನು ನೋಡಿದ್ದು ನಾನು ಕಾಣೆ. ಮೊದಲು ದೂರ ಹೋಗುತ್ತಿದ್ದರು. ಆಮೇಲೆ ಬೇರೆಲ್ಲಿಗೋ ಅವಸರದ ಕೆಲಸವಿರುವವರ ಹಾಗೆ ಅದರ ಮುಂದೆ ಬಿರಬಿರನೆ ನಡೆದುಹೋಗುತ್ತಿದ್ದರು. ಹೋಗುವಾಗ ಒಂದೇ ಸಲ ಕಣ್ಣು ಆ ಕಡೆ ಹೊರಳುತ್ತಿತ್ತು.

"ನೋಡ್ಬೇಕು ಅಂತ ಯಾರೂ ಬರಲ್ಲ ಇನ್ಸ್‌ಪೆಕ್ಟರೇ. ಎಲ್ಲಾರೂ ಎಲ್ಲಿಗೋ ಹೋಗ್ತಿರ್ತಾರೆ. ಹೋಗೋರಿಗೆ ಹೇಳ್ಬೇಕು" ಎನ್ನುತ್ತಿದ್ದರು.

ಅವರು ಹೊಸೂರಿನ ಪಕ್ಕದ ತಮ್ಮೂರು ಮತ್ತಿಗಿರಿಯಲ್ಲಿ ತೀರಿಕೊಂಡ ಸುದ್ದಿ ನನಗೆ ಹದಿನೈದು ದಿನ ತಡವಾಗಿ ಒಂದು ಕಾರ್ಡಿನಲ್ಲಿ ಬಂತು. ಆ ಹೊತ್ತಿಗೆ ನನಗೆ ಹೊಸೂರಿನಿಂದ ವರ್ಗವಾಗಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾವು ಬರೆದ ಯಾವ ಚಿತ್ರದ ಮೂಲೆಯಲ್ಲೂ ಅವರು ಹೆಸರು ಹಾಕಿದವರಲ್ಲ, ನಾನು ಹಾಕಿದರೆ ತಪ್ಪಾದೀತು. ಆದರೆ ಅವರ ಕೈಕೆಲಸವನ್ನು ಆ ಕಾಲದಲ್ಲಿ ಸೇಲಂನಿಂದ ಬೆಂಗಳೂರಿನವರೆಗೆ ಕಾಣದವರು ಕಡಿಮೆ. ಬೆಂಕಿಪೊಟ್ಟಣದ ಮೇಲೆ, ಬೀಡಿ ಕಟ್ಟಿನ ಮೇಲೆ, ಮಿಲ್ ಬಟ್ಟೆಯ ತಾನಿಗೆ ಅಂಟಿಸಿದ ಚೀಟಿಯ ಮೇಲೆ ಅದು ಮನೆಮನೆಗೆ ಹೋಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳ ಟಾನಿಕ್ಕಿನ ಒಂದು ಸೀಸೆಯ ಮೇಲೆ.

ಮೀಸೆ ಮೂಡುವ ವಯಸ್ಸಿನಲ್ಲಿ ಮತ್ತಿಗಿರಿ ಬಿಟ್ಟು ಮದರಾಸಿನ ಕಲ್ಲಚ್ಚಿನ ಪ್ರೆಸ್ಸೊಂದಕ್ಕೆ ಸೇರಿದವರು ಅವರು. ಅಲ್ಲಿ ನುಣ್ಣಗೆ ಉಜ್ಜಿದ ಕಲ್ಲಿನ ಮೇಲೆ ಜಿಡ್ಡು ಮಸಿಯಲ್ಲಿ ಎಲ್ಲವನ್ನೂ ತಿರುಗುಮುರುಗಾಗಿ ಬರೆಯಬೇಕು, ಕಾಗದ ಒತ್ತಿದಾಗ ಅದು ನೇರವಾಗುತ್ತದೆ. ತಮಿಳು, ತೆಲುಗು, ಕನ್ನಡ, ಇಂಗ್ಲಿಷು ನಾಲ್ಕನ್ನೂ ಅವರು ಬಲದಿಂದ ಎಡಕ್ಕೆ ಓಡಿಸಬಲ್ಲವರಾಗಿದ್ದರು. ಅಲ್ಲಿಂದ ಮೌಂಟ್ ರೋಡಿನ ಒಂದು ಜಾಹೀರಾತು ಕಚೇರಿಗೆ ಹೋಗಿ, ಹತ್ತಾರು ಕಲಾವಿದರ ಮೇಲಿನವರಾದರು. ಅವರು ಅಕ್ಷರಕ್ಕೆ ಕೊಟ್ಟ ದಪ್ಪ ಹೊಟ್ಟೆ, ಸಣ್ಣ ಬಾಲವನ್ನು ನೋಡಿ ಊರೂರಿನ ಬೋರ್ಡು ಬರೆಯುವವರು ನಕಲು ಮಾಡುತ್ತಿದ್ದರು. ಜಪಾನಿನವರು ಬಾಂಬು ಹಾಕುತ್ತಾರೆಂದು ಮದರಾಸು ಅರ್ಧಕ್ಕರ್ಧ ಖಾಲಿಯಾದ ಬೇಸಗೆಯಲ್ಲಿ ಅವರೂ ಒಂದು ಟ್ರಂಕು ಹಿಡಿದು ಊರಿಗೆ ಬಂದರು. ಭಯ ಕಳೆದು ಎಲ್ಲರೂ ಹಿಂದಿರುಗಿದಾಗ ಅವರು ಮಾತ್ರ ಹೋಗಲಿಲ್ಲ. ಯಾಕೆಂದು ಕೇಳಿದವರಿಗೆ "ಕಣ್ಣು ಮಂಜಾಗ್ತಿದೆ" ಎನ್ನುತ್ತಿದ್ದರು. ಅವರ ಕಣ್ಣು ಕೊನೆಯವರೆಗೂ ಹದ್ದಿನ ಕಣ್ಣು.

ನಾನು ಆಗ ಹೊಸೂರು ತಾಲ್ಲೂಕಿಗೆ ಹೊಸದಾಗಿ ಬಂದ ಹೆಲ್ತ್ ಇನ್ಸ್‌ಪೆಕ್ಟರು. ಕೋಲಾರದ ಕಡೆಯವನು, ಇಪ್ಪತ್ತೈದು ದಾಟಿರಲಿಲ್ಲ. ವಾಂತಿಭೇದಿಯ ಕಾಲ ಬರುವ ಮುನ್ನ ತಾಲ್ಲೂಕು ಕಚೇರಿಯ ಗೋಡೆಗೆ ನನ್ನ ಕೈಯಾರೆ ಒಂದು ನೋಟೀಸು ಬರೆದು ಅಂಟಿಸಿದೆ. "ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ" ಎಂದು ಶುರುವಾಗಿ ಮೂರು ಭಾಷೆಗಳಲ್ಲಿ ಮೊಣಕಾಲುದ್ದ ಇಳಿದಿತ್ತು. ಮಾರನೆಯ ದಿನ ಅದರ ಮುಂದೆ, ನರೆತ ಕ್ರಾಪಿನ, ಬಿಳಿ ಜುಬ್ಬದ ತೆಳ್ಳನೆಯ ಮನುಷ್ಯರೊಬ್ಬರು ಅತ್ತಿಂದಿತ್ತ ನಡೆಯುತ್ತಿದ್ದರು.

"ಇದನ್ನ ಯಾರಿಗೆ ಬರ್ದಿದ್ದೀರಿ?" ಎಂದರು.

"ಜನಕ್ಕೆ."

"ಇಲ್ಲ. ನಿಮ್ಮ ಮೇಲಿನ ಸಾಹೇಬ್ರಿಗೆ ಬರ್ದಿದ್ದೀರಿ. ನಾನು ಬರ್ದಿದ್ದೆ ಅಂತ ನಾಳೆ ತೋರ್ಸೋಕೆ."

ನನಗೆ ಮೈಯೆಲ್ಲ ಉರಿಯಿತು. ಅವರು ಅದನ್ನು ಲೆಕ್ಕಿಸದೆ ನನ್ನ ಮೊಣಕೈ ಹಿಡಿದು ಸಂತೆಯ ದಾರಿಗೆ ಕರೆದುಕೊಂಡು ಹೋದರು. ತಲೆಯ ಮೇಲೆ ಹುಣಿಸೆಹಣ್ಣಿನ ಕುಕ್ಕೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು ತೋರಿಸಿದರು. "ಕತ್ತು ತಿರುಗ್ಸೋಕೆ ಆಗಲ್ಲ, ಕಣ್ಣು ಮಾತ್ರ ಆಡುತ್ತೆ. ಒಂದು ಸಲ ಉಸಿರು ತಗೊಂಡು ಬಿಡೋ ಅಷ್ಟು ಹೊತ್ತು ಗೋಡೆ ನೋಡ್ತಾಳೆ. ಅಷ್ಟರೊಳಗೆ ಹೇಳಿ ಮುಗೀಬೇಕು. ಆಗಲ್ವಾ, ಗೋಡೆ ಕೊಳೆ ಮಾಡ್ಬೇಡಿ."

ಸ್ನೇಹ ಶುರುವಾದದ್ದು ಹೀಗೆ. ಸ್ನೇಹವೆಂದರೆ, ಅವರು ಬೈಯುವುದು, ನಾನು ಮತ್ತೆ ಮರುವಾರ ಮತ್ತಿಗಿರಿಗೆ ಸೈಕಲ್ ತುಳಿಯುವುದು. ಸುಮ್ಮನೆ ಕೂತಾಗಲೂ ಅವರ ಬಲಗೈಯ ತೋರುಬೆರಳು ತೊಡೆಯ ಮೇಲೆ ಏನನ್ನೋ ಬರೆಯುತ್ತಲೇ ಇರುತ್ತಿತ್ತು. ಆ ಬೆರಳು ನಿಂತರೆ ಅವರಿಗೆ ಕೋಪವೋ ದಿಗಿಲೋ ಬಂದಿದೆಯೆಂದು ಅರ್ಥ.

ಮನೆಯಲ್ಲಿ ಅವರೂ ಅವರ ಅಕ್ಕನೂ ಇಬ್ಬರೇ. ಅಕ್ಕನಿಗೆ ಅರವತ್ತರ ಆಸುಪಾಸು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ತಾಯಿಯಿಲ್ಲದ ತಮ್ಮನನ್ನು ಸಾಕಿದವರೂ ಅವರೇ. ಮದರಾಸಿನಲ್ಲಿದ್ದು ತಮ್ಮನ ಮಾತು ಪೇಟೆಯದಾಗಿದ್ದರೂ ಅಕ್ಕನ ಬಾಯಲ್ಲಿ ಮತ್ತಿಗಿರಿಯೇ ಇತ್ತು. ಒಂದು ದಿನ ಅವರು ಹಿತ್ತಲಿಗೆ ಹೋದಾಗ ಆಕೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು.

"ಆ ಟಾನಿಕ್ಕಿನ ಸೀಸೆ ಮೇಲೊಬ್ಬಳು ತಾಯಿ ಅವ್ಳಲ್ಲ, ಕೂಸು ಎತ್ಕೊಂಡು? ಅದು ನನ್ ಮೊಕ ಕಣಪ್ಪ. ಊರಿಗೆ ಬಂದಿದ್ದಾಗ ನಾನು ಹುಳ್ಳಿ ಆರಿಸ್ತಾ ಕೂತಿದ್ದೆ. ಎದ್ರಿಗೆ ಕೂತು ಬರ್ಕೊಂಡ. ಮದ್ರಾಸಿಗೆ ಹೋದ್ಮೇಲೆ ಹಣೆಗೆ ಕುಂಕ್ಮ ಇಟ್ಟು, ತೊಡೆ ಮೇಲೆ ಕೂಸು ಕೂರಿಸ್ಬುಟ್ಟವ್ನೆ."

ನಾನು ಬೆರಗಾಗಿ ನೋಡಿದೆ. ಹೌದು, ಅದೇ ಅಗಲ ಕೆನ್ನೆ, ಅದೇ ಕಣ್ಣು. ನಿಮ್ಮ ಮಗುವಿಗೆ ಏನೂ ಆಗುವುದಿಲ್ಲ ಎಂದು ಹೇಳುವಂಥ ಕಣ್ಣು.

ಹಿತ್ತಲಿನಿಂದ ಬಂದವರಿಗೆ ನಮ್ಮ ಮಾತು ಕೇಳಿಸಿತ್ತು. ಬೆರಳು ನಿಂತಿತ್ತು. "ಆ ಸೀಸೇಲಿ ಇರೋದು ಸಕ್ಕರೆ, ಸೋಂಪಿನ ನೀರು, ಕೆಂಪು ಬಣ್ಣ. ನಾನೇ ಆ ಕಾರ್ಖಾನೆಗೆ ಹೋಗಿ ನೋಡಿದೀನಿ. ಮಕ್ಕಳ ಸಕಲ ರೋಗಕ್ಕೂ ಅಂತ ಬರೆದವನು ಇನ್ನೊಬ್ಬ. ಆದ್ರೆ ಆ ಸುಳ್ಳಿಗೆ ಮುಖ ಕೊಟ್ಟವನು ನಾನು. ಮುಖ ಇಲ್ದಿರೋ ಸುಳ್ಳು ಊರು ದಾಟಲ್ಲ ಇನ್ಸ್‌ಪೆಕ್ಟರೇ. ನಂದು ನಾಲ್ಕು ಜಿಲ್ಲೆ ದಾಟ್ತು. ಇನ್ನು ಆ ಮುಖ ನಾನು ಬರೆಯಲ್ಲ" ಎಂದರು. ಅವರು ಮದರಾಸಿಗೆ ಯಾಕೆ ಹಿಂದಿರುಗಲಿಲ್ಲವೆಂದು ಆವತ್ತು ನನಗೆ ಗೊತ್ತಾಯಿತು.

ಆ ವರ್ಷ ಮಳೆ ತಡವಾಯಿತು. ಬಾವಿಗಳ ನೀರು ತಳ ಮುಟ್ಟಿತು. ಬೇರಿಕೆಯ ಆಚೆಗಿನ ಒಂದು ಹಳ್ಳಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು.

ನಾನು ಸೂಜಿಮದ್ದಿನ ಪೆಟ್ಟಿಗೆ ಹಿಡಿದು ಹೋದಾಗ ಮೊದಲ ದಿನ ನಾಲ್ಕಾರು ಜನ ತೋಳು ಕೊಟ್ಟರು. ಅವರಲ್ಲೊಬ್ಬ ಮಾರನೆಯ ದಿನ ಸತ್ತ. ಸೂಜಿಗೆ ಮುಂಚೆಯೇ ರೋಗ ಅವನ ಮೈಯೊಳಗೆ ಸೇರಿತ್ತು. ಅದನ್ನು ಯಾರಿಗೆ ಹೇಳುವುದು, ಯಾರು ನಂಬುತ್ತಾರೆ? ಬಾವಿಗೆ ಔಷಧಿ ಹಾಕಿದೆ, ನೀರು ನೇರಳೆಗೆ ತಿರುಗಿತು. ಸರ್ಕಾರದವನು ಬಾವಿಗೆ ವಿಷ ಹಾಕಿದ ಎಂದು ಗುಲ್ಲೆದ್ದಿತು. ಯುದ್ಧಕ್ಕೆ ಆಳು ಹಿಡಿಯಲು ಸೂಜಿ ಹಾಕಿ ಗುರುತು ಮಾಡುತ್ತಾರೆ ಎಂದು ಇನ್ನೊಂದು. ಬೇಡ, ವೇಂಡಾಂ, ವದ್ದು. ಮೂರು ಭಾಷೆಯಲ್ಲಿ ಬಾಗಿಲು ಮುಚ್ಚಿದವು.

ಒಂದೇ ಒಂದು ಬಾಗಿಲು ತೆರೆದಿತ್ತು. ಒಳಗೆ ಒಬ್ಬ ತಾಯಿ ನಾಲ್ಕು ವರ್ಷದ ಹುಡುಗಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಹುಡುಗಿಯ ಕಣ್ಣು ಗುಳಿ ಬಿದ್ದಿದ್ದವು, ಬೆರಳ ತುದಿ ಸುಕ್ಕುಗಟ್ಟಿತ್ತು. ಗಾಡಿ ಕಟ್ಟಿಸಿ ಈಗಲೇ ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗೋಣವೆಂದು ಅಂಗಲಾಚಿದೆ. ಅವಳು ಪಕ್ಕದಲ್ಲಿದ್ದ ಸೀಸೆಯನ್ನು ನನ್ನ ಕಡೆ ತಿರುಗಿಸಿದಳು.

"ಈ ತಾಯಿ ಅವ್ಳೆ ಬಿಡು ಸಾಮಿ. ನಂಗೆ ನಿನ್ನೆಯಿಂದ ಇವ್ಳೇ ಧೈರ್ಯ. ಎಲ್ಡು ಚಮಚ ಹಾಕಿವ್ನಿ. ಸಂಜೆಗೆ ನನ್ ಮಗಳು ಎದ್ದು ಕುಂತ್ಕೊತ್ತಾಳೆ."

ಹುಡುಗಿ ಸಂಜೆಯವರೆಗೂ ಉಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ನೇರ ಮತ್ತಿಗಿರಿಗೆ ಹೋಗಿ ಇದನ್ನು ಹೇಳಿದೆ. ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನಿಸಿತು. ಅವರು ತೊಳೆಯುತ್ತಿದ್ದ ಕುಂಚವನ್ನು ನೀರಿನಲ್ಲೇ ಬಿಟ್ಟರು. ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

"ಸೀಸೇನ ನಿಮ್ಮ ಕಡೆ ತಿರುಗ್ಸಿ ತೋರಿಸಿದ್ಲಾ?"

"ಹೌದು ಸಾರ್."

ಎದ್ದರು. ಯುದ್ಧದಿಂದಾಗಿ ಕಾಗದಕ್ಕೆ ಕಟ್ಟುಪಾಡು, ಸೀಮೆ ಬಣ್ಣಕ್ಕೆ ಬರ. ಅಂಗಳದ ಮೂಲೆಯಿಂದ ಸುಣ್ಣದ ಮಡಕೆ, ಕೆಮ್ಮಣ್ಣಿನ ಗಂಟು, ಹಣತೆಯ ಕಾಡಿಗೆ, ಬೇಲದ ಮರದ ಅಂಟು ತಂದು ಜೋಡಿಸಿಕೊಂಡರು. ಗಾಡಿ ಬಂತು. ಅಕ್ಕ ಯಾರೂ ಕರೆಯದೆ ಬಂದು ಗಾಡಿ ಹತ್ತಿದರು. "ಬೇಡ ಅಕ್ಕಯ್ಯ, ರೋಗದ ಊರು" ಎಂದರೆ, "ನೀನು ಹೋಗೋ ಊರಿಗೆ ನಾನು ಬರ್ಬಾರ್ದೇನ್ಲಾ?" ಎಂದು ಸೆರಗು ಹೊದ್ದು ಕೂತರು.

ಬಾವಿಯ ಎದುರಿಗಿದ್ದದ್ದು ಊರ ಗೌಡರ ದನದ ಕೊಟ್ಟಿಗೆಯ ಗೋಡೆ. ಗೌಡರು ಬಾಗಿಲಲ್ಲೇ ತಡೆದರು. "ನನ್ ಗ್ವಾಡೆ ಮ್ಯಾಲೆ ಸರ್ಕಾರದ ಬರವಣಿಗೆ ಬ್ಯಾಡ."

"ಒಂದಕ್ಷರಾನೂ ಬರೆಯಲ್ಲ ಗೌಡ್ರೇ."

ಗೌಡರು ಬಾಗಿಲಿನಿಂದ ಪಕ್ಕಕ್ಕೆ ಸರಿದರು.

ಅವರು ಆ ದಿನ ಬರೆದದ್ದು ಮುಖವನ್ನಲ್ಲ. ಒಂದು ಆಳೆತ್ತರದ ಸೀಸೆ ಬರೆದು, ಅದರ ಮೇಲೆ ಅಡ್ಡಡ್ಡಲಾಗಿ ಎರಡು ಕೆಂಪು ಪಟ್ಟಿ ಎಳೆದರು. ಕುಡಿಯಬೇಡಿ ಎಂದು. ನನಗೆ ಅದು ಬಲು ಸ್ಪಷ್ಟವಾಗಿ ಕಂಡಿತು. ರಾತ್ರಿಗೆ ಬೇರಿಕೆಯಲ್ಲಿ ಉಳಿದು ಬೆಳಿಗ್ಗೆ ಮತ್ತೆ ಹೋದೆವು. ಊರಿನ ಅಂಗಡಿಯ ಮುಂದೆ ಜನ ನಿಂತಿದ್ದರು. ಅಂಗಡಿಯವನು ಒಂದೊಂದಾಗಿ ಸೀಸೆ ಎತ್ತಿ ಕೊಡುತ್ತಿದ್ದ.

ಸಾಲಿನಲ್ಲಿದ್ದ ಒಬ್ಬ ಮುದುಕನನ್ನು ಅವರು ಕೇಳಿದರು. "ಗೋಡೆ ಮೇಲೆ ಬರ್ದಿದ್ದು ನೋಡ್ಲಿಲ್ವಾ ತಾತ?"

"ನೋಡ್ದೆ ಸಾಮಿ. ಅದ್ಕೇ ಬಂದೆ. ಸೀಸೆಗೆ ಕೆಂಪು ದಾರ ಕಟ್ಟಿ ಮಂತ್ರಿಸವ್ರಂತಲ್ಲ. ದಾರ ಕಟ್ಟಿದ್ ಮ್ಯಾಲೆ ಜೋರಾಗಿರ್ತದಂತೆ."

ಅವರ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಮೂವತ್ತು ವರ್ಷ ಜನರ ಕಣ್ಣನ್ನು ಓದಿದ ಮನುಷ್ಯ. ಬರೆದು ಹೊಡೆದುಹಾಕುವುದೆಂದರೇನೆಂದು ಶಾಲೆಗೆ ಹೋದವನಿಗೆ ಮಾತ್ರ ಗೊತ್ತು ಎಂಬುದನ್ನು ಮರೆತಿದ್ದರು. ಅಷ್ಟರಲ್ಲಿ ಊರ ಆಚೆ ಬದಿಯಿಂದ ಇನ್ನೊಂದು ಮನೆಯ ಅಳು ಕೇಳಿಸಿತು. ಅವರು ಕೊಟ್ಟಿಗೆಯ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತರು.

"ಊರಿಗೆ ಒಳ್ಳೇದು ಮಾಡೋಕೆ ಬಂದು ಇನ್ನಷ್ಟು ಸೀಸೆ ಮಾರಿಸ್ದೆ" ಎಂದು ನನ್ನನ್ನು ನೋಡದೆ ಹೇಳಿದರು.

ಅಕ್ಕ ಗಾಡಿಯಿಂದ ಇಳಿದು ಬಂದು ಅವರ ಮುಂದೆ ನಿಂತರು.

"ಸುತ್ತಿ ಬಳಸಿ ಯಾಕ್ಲಾ ಬರೀತೀಯ? ನನ್ ಮೊಕ ಬರಿ."

"ಬರೆಯಲ್ಲ ಅಂದಿದ್ದೀನಿ ಅಕ್ಕಯ್ಯ."

"ಆವತ್ತು ಯಾವನೋ ಹೇಳ್ದ ಅಂತ ಬರ್ದೆ, ನನ್ನೊಂದ್ ಮಾತು ಕೇಳ್ಲಿಲ್ಲ. ಇವತ್ತು ಮೊಕದೋಳು ನಾನೇ ಹೇಳ್ತಾ ಇವ್ನಿ. ಏಳು."

ಅವರು ಎದ್ದರು. ಸೀಸೆಯ ಮೇಲೆ ಸುಣ್ಣ ಬಳಿದರು, ಒಣಗುವವರೆಗೂ ಬಿಸಿಲಲ್ಲೇ ಅಡ್ಡಾಡಿದರು. ಆಮೇಲೆ ಅವರ ಕೈ ಓಡಿದ ಬಗೆಯನ್ನು ನಾನು ಮತ್ತೆಂದೂ ನೋಡಲಿಲ್ಲ. ಕೆಮ್ಮಣ್ಣಿನ ಕೆನ್ನೆ, ಕಾಡಿಗೆಯ ಕಣ್ಣು. ಬಾವಿಗೆ ಬಂದವರು ಬಿಂದಿಗೆ ಕೆಳಗಿಟ್ಟು ನಿಂತರು. ಮುಖ ಮುಗಿಯುವ ಮುನ್ನವೇ ಯಾರೋ "ಸೀಸೆ ತಾಯಿ" ಎಂದರು. ಮನೆಗಳೊಳಗಿದ್ದವರು ಹೊರಗೆ ಬಂದರು. ತಾಯಿಯ ಮಡಿಲಲ್ಲಿ ಅದೇ ಕೂಸು. ಆದರೆ ಅವಳ ಒಂದು ತೋಳು ಮುಂದಕ್ಕೆ ಚಾಚಿತ್ತು, ತೋಳಿಗೆ ಸೂಜಿ. ಕಾಲ ಬಳಿ ಒಲೆಯ ಮೇಲೆ ಕುದಿಯುವ ನೀರಿನ ಮಡಕೆ. ನಾನು ಕೈ ತೊಳೆಯುವುದನ್ನೂ ಸೇರಿಸಿ ಎಂದೆ. "ಎರಡೇ. ಮೂರನೇದು ಹಾಕಿದ್ರೆ ಮೂರೂ ಹೋಗುತ್ತೆ" ಎಂದು ಗದರಿದರು.

ಅಂಗಡಿಯವನು ಗುಂಪು ಸೀಳಿಕೊಂಡು ಬಂದ. ಅವನ ಕೈಯಲ್ಲಿ ಒಂದು ಕೊಡ ನೀರಿತ್ತು.

"ಅದು ಕಂಪ್ನಿ ಮಾರ್ಕು! ಯಾರನ್ ಕೇಳಿ ಬರೀತಿದೀರ? ತಾಯಿ ಕೈಗೆ ಸೂಜಿ ಚುಚ್ಚಿಸ್ತೀರಾ? ಊರಿಗೆ ಕೇಡು ತರೋಕ್ ಬಂದವ್ರೆ ಇವ್ರು!"

ಗುಂಪಿನಲ್ಲಿ ಒಂದು ಗೊಣಗಾಟ ಎದ್ದಿತು. ಸೂಜಿ ಹಾಕಿಸಿಕೊಂಡು ಸತ್ತವನ ತಮ್ಮ ಒಂದು ಕಲ್ಲು ಎತ್ತಿಕೊಂಡದ್ದು ನನಗೆ ಕಂಡಿತು. ಹಸಿ ಗೋಡೆಗೆ ಆ ನೀರು ಬಿದ್ದರೆ ಎಲ್ಲ ಮುಗಿದ ಹಾಗೆ.

ಅಕ್ಕ ಗೋಡೆಗೆ ಬೆನ್ನು ಮಾಡಿ ಚಿತ್ರದ ಮುಂದೆ ನಿಂತುಬಿಟ್ಟರು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ತಳ್ಳಿದರು.

"ಹುಯ್ಯಿ, ನನ್ ಮೇಲೆ ಹುಯ್ಯಿ. ಈ ಮೊಕ ನೋಡ್ರಿ, ಆ ಮೊಕ ನೋಡ್ರಿ."

ಜನ ನೋಡಿದರು. ಗೋಡೆಯ ಮುಖ, ಅದರ ಮುಂದೆ ಮೂವತ್ತು ವರ್ಷ ಹೆಚ್ಚು ಬಾಳಿದ ಅದೇ ಮುಖ.

"ತಾಯಿ ಹಣೇಲಿ ಕುಂಕ್ಮ ಐತೆ, ಈಯಮ್ಮನ್ ಹಣೆ ಬೋಳು" ಎಂದ ಅಂಗಡಿಯವನು.

"ಬೋಳೇ ಕಣಪ್ಪ. ಅವತ್ತೂ ಬೋಳೇ ಇತ್ತು. ಕುಂಕ್ಮ ನನ್ ತಮ್ಮ ಇಟ್ಟ ಬಣ್ಣ. ಕೂಸೂ ಬಣ್ಣ. ನಾನು ಹೆತ್ತೇ ಇಲ್ಲ. ಆ ಸೀಸೆದು ಒಂದ್ ಚಮಚ ಯಾರ ಬಾಯ್ಗೂ ಹಾಕಿಲ್ಲ." ಆಕೆ ಗುಂಪಿನ ಹೆಂಗಸರ ಕಡೆ ತಿರುಗಿದರು. "ನನ್ ತೊಡೆ ಮೇಲಿರೋದು ಬಣ್ಣದ ಕೂಸು ಕಣ್ರವ್ವ. ನಿಮ್ ತೊಡೆ ಮೇಲಿರೋದು ಜೀವ."

ಆಮೇಲೆ ಬಾವಿಯ ಕಟ್ಟೆಯ ಮೇಲೆ ಕೂತು ನನ್ನ ಕಡೆ ತೋಳು ಚಾಚಿದರು. "ಹಾಕಪ್ಪ ಮಗ."

ನಾನು ಸೂಜಿಗೆ ಮದ್ದು ತುಂಬಿಕೊಂಡೆ. ಆ ಸೂಜಿಮದ್ದಿಗೆ ತೋಳು ಊದುವುದು, ಜ್ವರ ಬರುವುದು ಸಾಮಾನ್ಯ. ಅರವತ್ತರ ಜೀವ. ಈ ಜನರ ಕಣ್ಣೆದುರು ಅವರಿಗೇನಾದರೂ ಆದರೆ ನಾವು ಮೂವರೂ ಅಲ್ಲಿಂದ ಜೀವಸಹಿತ ಹೊರಡುವುದು ಅನುಮಾನವಿತ್ತು. ತಮ್ಮನತ್ತ ನೋಡಿದೆ. ಅವರು ಕುಂಚ ಹಿಡಿದು ನಿಂತಿದ್ದರು, ಬೆರಳು ಅಲ್ಲಾಡುತ್ತಿರಲಿಲ್ಲ. ಹಾಕಿದೆ. ಆಮೇಲೆ ಅವರೂ ಬಂದು ತೋಳು ಕೊಟ್ಟರು.

ಯಾರೂ ಮುಂದೆ ಬರಲಿಲ್ಲ. ಯಾರೂ ಮನೆಗೂ ಹೋಗಲಿಲ್ಲ. ಸುತ್ತ ಕೂತು ಕಾದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಕ್ಕನಿಗೆ ಜ್ವರ ಏರಿತು. ತೋಳು ಕೆಂಪಗೆ ಊದಿಕೊಂಡಿತು. ಗಾಡಿ ಕಟ್ಟಿಸಲು ಅವರ ತಮ್ಮ ಎದ್ದರು. ಆಕೆ ಹಲ್ಲು ಕಚ್ಚಿ ತಡೆದರು. "ಈಗ ಎದ್ದೋದ್ರೆ ನಾನ್ ಸತ್ತೆ ಅಂತ್ಲೇ ಅಂದ್ಕೊತ್ತಾರೆ. ಎಲ್ಲಾರ್ಗೂ ಕಾಣೋಂಗೆ ಇಲ್ಲೇ ಬಿದ್ದಿರ್ತೀನಿ." ಗೌಡರ ಹೆಂಡತಿ ಒಂದು ಚಾಪೆ ತಂದು ಜಗುಲಿಯ ಮೇಲೆ ಹಾಸಿದರು. ಆ ಊರಿನಲ್ಲಿ ನಮಗೆ ಸಿಕ್ಕ ಮೊದಲ ಸತ್ಕಾರ ಅದು. ತಮ್ಮನೇ ಅಕ್ಕನ ತಲೆಯ ಬಳಿ ಕೂತು ಒದ್ದೆ ಬಟ್ಟೆ ಹಾಕುತ್ತಿದ್ದರು. ಒಮ್ಮೆ ನನ್ನ ಕಡೆ ತಿರುಗಿ ಕೇಳಿದರು. "ಇದು ಸೂಜಿ ಜ್ವರವೇ ತಾನೆ?"

"ಹೌದು ಸಾರ್" ಎಂದೆ. ಆ ದಿನ ನಾನು ಅಷ್ಟು ಖಚಿತವಾಗಿ ಹೇಳಿದ ಮಾತಿನಲ್ಲಿ ಅರ್ಧ ಪ್ರಾರ್ಥನೆಯಿತ್ತು.

ಬೆಳಗಾಯಿತು. ಅಕ್ಕ ಎದ್ದು ಕೂತು, ಹಸಿವಾಗಿದೆ ಎಂದರು. ಗೌಡರ ಮನೆಯಿಂದ ಬಂದ ರಾಗಿ ಅಂಬಲಿಯನ್ನು ಊರೆಲ್ಲ ನೋಡುತ್ತಿರುವಂತೆಯೇ ಗಟಗಟ ಕುಡಿದು, ತಾವೇ ನಡೆದು ಬಾವಿಕಟ್ಟೆಗೆ ಬಂದು ಕೂತರು. ಮೊದಲು ಮುಂದೆ ಬಂದವಳು, ಹುಡುಗಿಯನ್ನು ಕಳೆದುಕೊಂಡ ಆ ತಾಯಿ. ಸೊಂಟದ ಮೇಲೆ ಇನ್ನೊಂದು ಮಗುವಿತ್ತು, ಗಂಡು. ಅವಳು ಅಕ್ಕನನ್ನು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆಂದುಕೊಂಡೆ. ಅವಳು ಮಗುವಿನ ತೋಳನ್ನು ನನ್ನ ಮುಂದೆ ಹಿಡಿದಳು. ಸಂಜೆಗೆ ನನ್ನ ಪೆಟ್ಟಿಗೆ ಬರಿದಾಗಿತ್ತು. ಕಲ್ಲೆತ್ತಿದ್ದವನೂ ತೋಳು ಕೊಟ್ಟ.

ಆಮೇಲೂ ಆ ಊರಿನಲ್ಲಿ ಸಾವಾಗಲಿಲ್ಲವೆಂದೇನಿಲ್ಲ. ಗೌಡರ ತಮ್ಮನೇ ಹೋದ. ಆದರೆ ರೋಗದ ಕಾಲು ಸೋತಿತು. ಸುತ್ತಲಿನ ಊರುಗಳಿಂದ ಗೋಡೆ ಬರೆಸಲು ಕರೆ ಬಂತು. ಬೇರಿಕೆಯಿಂದ ಕೆಲಮಂಗಲದ ಆಚೆಯವರೆಗೆ ಅವರು ಗಾಡಿಯಲ್ಲಿ ಓಡಾಡಿ ಬರೆದರು. ಅವರು ಮುಟ್ಟದ ಊರುಗಳಲ್ಲಿ ಬೋರ್ಡು ಬರೆಯುವವರು ನೋಡಿಕೊಂಡು ಹೋಗಿ ತಾವೇ ಬರೆದರು. ಕೆಲವರ ಕೈಯಲ್ಲಿ ತಾಯಿಯ ಮೂಗು ಡೊಂಕಾಗಿತ್ತು, ಸೂಜಿ ಮಾತ್ರ ನೆಟ್ಟಗಿರುತ್ತಿತ್ತು. "ನಂದು ಕದ್ದಿದ್ರಲ್ಲಿ ಇದೇ ಒಳ್ಳೇ ಕಳ್ಳತನ" ಎಂದು ಅವರು ಒಮ್ಮೆ ನಕ್ಕರು. ಅವರು ನಕ್ಕದ್ದು ಅಪರೂಪ.

ಮದರಾಸಿನ ಟಾನಿಕ್ಕು ಕಂಪನಿಯಿಂದ ಒಬ್ಬ ಮನುಷ್ಯ ಕಾರಿನಲ್ಲಿ ಬಂದ. ಆಗ ನಾನೂ ಮತ್ತಿಗಿರಿಯ ಮನೆಯಲ್ಲಿದ್ದೆ. ಮೊದಲು ನಯವಾಗಿ, ಮತ್ತೆ ಕೆಲಸಕ್ಕೆ ಬನ್ನಿ ಎಂದ. ಆಮೇಲೆ ದನಿ ಬದಲಿಸಿ, ಆ ಮುಖ ಕಂಪನಿಯ ಸ್ವತ್ತು, ಎಲ್ಲ ಗೋಡೆಯನ್ನೂ ಅಳಿಸದಿದ್ದರೆ ಕೋರ್ಟಿಗೆ ಎಳೆಯುತ್ತೇವೆ ಎಂದು ತಮಿಳಿನಲ್ಲಿ ಕೂಗಾಡಿದ. ಅವರು ಅಕ್ಕನ ಕಡೆ ಕೈ ತೋರಿಸಿದರು.

ಅಕ್ಕ ಕಾಳು ಕೇರುತ್ತಾ ಹೇಳಿದರು. "ಮೊಕ ನಿಮ್ದೇ ಆದ್ರೆ ತಕ್ಕೊಂಡೋಗಪ್ಪ. ಆದ್ರೆ ಮೊಕದ್ ಜೊತೆ ಬಾಯೂ ಬತ್ತದೆ. ಕೋಲ್ಟಲ್ಲಿ ಅದು ಸುಮ್ಕಿರಲ್ಲ."

ಅವನು ಹೋದ. ಆಮೇಲೆ ಒಂದೆರಡು ಕಾಗದ ಬಂದವು, ಅಷ್ಟೇ. ಆದರೂ ಆ ಕೆಲವು ತಿಂಗಳು ಬೀದಿಯಲ್ಲಿ ಕಾರಿನ ಸದ್ದಾದರೆ ಅವರ ಬೆರಳು ನಿಲ್ಲುತ್ತಿತ್ತು.

ಮುಂದಿನ ಬೇಸಗೆ ಬಂತು. ಆ ಸೂಜಿಯ ಬಲ ಆರು ತಿಂಗಳಿನದು, ಮತ್ತೆ ಹಾಕಬೇಕು. ನಾನು ಆ ಮೊದಲ ಹಳ್ಳಿಗೆ ಹೋದೆ. ಬಾವಿಕಟ್ಟೆಯ ಬಳಿ ಪೆಟ್ಟಿಗೆ ತೆರೆದು ಬೆಳಿಗ್ಗೆಯೆಲ್ಲ ಕೂತರೂ ಯಾರೂ ಬರಲಿಲ್ಲ. ಕೊಟ್ಟಿಗೆಯ ಗೋಡೆಯ ಮೇಲೆ ತಾಯಿ ಹಾಗೇ ಇದ್ದಳು. ಹಣೆಯ ಮೇಲೆ ನಿಜವಾದ ಕುಂಕುಮ ದಪ್ಪಗೆ ಮೆತ್ತಿತ್ತು. ಚಾಚಿದ ತೋಳಿಗೆ ಅರಿಸಿನದ ದಾರ ಕಟ್ಟಿ ಮೊಳೆ ಹೊಡೆದಿದ್ದರು. ಸೂಜಿ ಅರಿಸಿನದ ಕೆಳಗೆ ಮುಚ್ಚಿಹೋಗಿತ್ತು. ಗೋಡೆಯ ಬುಡದಲ್ಲಿ ತೆಂಗಿನಕಾಯಿಯ ಚಿಪ್ಪುಗಳು.

ಮತ್ತಿಗಿರಿಗೆ ಹೋಗಿ ಅವರಿಗೆ ಹೇಳಿದೆ. ಆ ವೇಳೆಗೆ ಅವರ ಆರೋಗ್ಯ ಕೆಟ್ಟಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಮಾರನೆಯ ದಿನ ಸುಣ್ಣದ ಮಡಕೆ ಹಿಡಿದು ಗಾಡಿ ಹತ್ತಿದರು.

"ಏನ್ ಮಾಡ್ತೀರಿ ಸಾರ್?" ಎಂದೆ.

"ಬಳಿದುಬಿಡ್ತೀನಿ."

"ನೀವು ಬರೆದದ್ದರಲ್ಲೆಲ್ಲ ಇದು ಮೇಲು. ಅದೂ ಅಲ್ದೆ, ಕಂಪನಿಗೆ ಹೆದರಿ ಅಳಿಸಿದ್ರು ಅಂತಾರೆ."

"ಅಂದ್ಕೊಳ್ಳಲಿ."

ಅವರು ಗೋಡೆಯ ಮುಂದೆ ಈ ಸಲ ಅತ್ತಿತ್ತ ನಡೆಯಲಿಲ್ಲ. ನೇರ ಹೋಗಿ ಕುಂಚ ಅದ್ದಿ ಮುಖದಿಂದಲೇ ಶುರು ಮಾಡಿದರು. ಕೆನ್ನೆ ಹೋಯಿತು, ಕಣ್ಣು ಹೋದವು. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಕೇಳಿತು. ಹೂವು, ಎಣ್ಣೆ ಬಟ್ಟಲು ಇಟ್ಟುಕೊಂಡ ತಟ್ಟೆ ಹಿಡಿದು ಆ ತಾಯಿ ಓಡಿ ಬಂದಳು. ಕಳೆದ ಸಲ ಎಲ್ಲರಿಗಿಂತ ಮೊದಲು ಮಗುವಿನ ತೋಳು ಹಿಡಿದವಳು.

"ಯಾಕ್ ಸಾಮಿ ಅಳಿಸ್ತೀರ? ನಮ್ ತಾಯ್ನ ಯಾಕ್ ಅಳಿಸ್ತೀರ? ನಿಮ್ಗೆ ಒಳ್ಳೇದಾಗ್ತದಾ?"

ಅವರು ತಿರುಗಿ ಕೇಳಿದರು. "ಈ ಸಲ ಮಗೂಗೆ ಸೂಜಿ ಹಾಕಿಸ್ದೇನವ್ವ?"

"ಸೂಜಿ ಯಾಕ್ ಸಾಮಿ? ದಿನಾ ಪೂಜೆ ಮಾಡ್ತಾ ಇವ್ನಿ!"

ಅವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಅವಳಿಗೆ ಹೇಳಿದರು. "ಇವಳು ಇನ್ನು ಇರಲ್ಲವ್ವ. ಮಗೂನ ನೀನೇ ನೋಡ್ಕೋಬೇಕು."

ಅವಳು ಅತ್ತಳು, ಶಪಿಸಿದಳು, ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಎಣ್ಣೆ ಮಣ್ಣಿನಲ್ಲಿ ಇಂಗಿತು. ಅವರು ಏದುಸಿರು ಬಿಡುತ್ತಾ, ಎರಡೆರಡು ಸಲ ನಿಂತು ಸುಧಾರಿಸಿಕೊಳ್ಳುತ್ತಾ, ಬಳಿಯುತ್ತಲೇ ಹೋದರು. ಕೂಸು ಹೋಯಿತು. ಒಲೆ, ಮಡಕೆ ಹೋದವು, ದಾರ ಕಟ್ಟಿದ ತೋಳೊಂದು ಉಳಿಯಿತು. ಬಿಸಿಲಿಗೆ ಗೋಡೆ ಕಣ್ಣು ಕೋರೈಸುವಷ್ಟು ಬೆಳ್ಳಗಾಯಿತು. ಅವಳು ಆ ಬಿಳುಪನ್ನೇ ದಿಟ್ಟಿಸುತ್ತಾ ನಿಂತಿದ್ದಳು.

ಬಹಳ ಹೊತ್ತಾದ ಮೇಲೆ ಮನೆಗೆ ಹೋದಳು. ಮುಗಿಯಿತು ಎಂದುಕೊಂಡು ನಾನು ಪೆಟ್ಟಿಗೆ ಮುಚ್ಚುತ್ತಿದ್ದೆ. ಅವಳು ಮಗುವನ್ನು ಎಳೆದುಕೊಂಡು ಹಿಂದಿರುಗಿ ಬಂದಳು. ಕೋಪ ಇಳಿದಿರಲಿಲ್ಲ. ನನ್ನ ಮುಖವನ್ನೂ ನೋಡದೆ ಎದುರಿಗೆ ಕುಕ್ಕರಿಸಿ ಕೂತು, ಅಳುತ್ತಿದ್ದ ಮಗುವಿನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಹಾಕು ಮತ್ತೆ. ಕಾಯೋರು ಯಾರವ್ರೆ ಇನ್ನು?"

ನಾನು ಸೂಜಿ ಎತ್ತಿಕೊಂಡೆ. ಅವರು ತಿರುಗಿ ನೋಡಲಿಲ್ಲ. ಗೋಡೆಯ ಮೇಲೆ ಉಳಿದಿದ್ದ ಚಾಚಿದ ಕೈಯೊಂದರ ಮೇಲೆ ನಿಧಾನವಾಗಿ ಸುಣ್ಣ ಎಳೆಯುತ್ತಿದ್ದರು.